ಕಾಂತೇಶನ ಊರಲ್ಲಿ ದನಕರುಗಳ ಚಳಿಗಾಲ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಎಂದರೆ ಎಲ್ಲರಿಗೂ ನೆನಪಾಗುವುದು ಕಾಂತೇಶ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಇಲ್ಲಿಯ ಕಾಂತೇಶ, ಈ ಮೂವರು ಹನುಮಪ್ಪಂದಿರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಭಕ್ತರು ದೂರದೂರದಿಂದ ಬರುತ್ತಾರೆ. ಕನಕದಾಸರು ‘ಮೋಹನತರಂಗಿಣಿ’ ರಚಿಸಿದ್ದು ಈ ಗುಡಿಯಲ್ಲೇ ಎಂಬ ನಂಬಿಕೆಯೂ ಉಂಟು. ಗುಡಿಗೆ ಕೈಮುಗಿದವರು ಡಿಸೆಂಬರಿನ ಬೆಳಗಿನ ಜಾವ ಊರೊಳಗಿನ ಓಣಿಗಳಲ್ಲೂ ಒಂದು ಸುತ್ತು ಹಾಕಬೇಕು. ಈ ಸೀಮೆಯ ಜನ ದನಕರುಗಳೊಂದಿಗೆ ಚಳಿ ಕಳೆಯುವ ಬಗೆ ಆಗ ಕಣ್ಣಿಗೆ ಬೀಳುತ್ತದೆ.

ಹಳೆಯ ಮನೆಯೊಂದರ ಬಾಗಿಲು ದಾಟಿದರೆ ಮೊದಲು ಸಿಗುವುದೇ ದಂದಕ್ಕಿ. ತಗ್ಗಿನಲ್ಲಿ ದನ, ಎರಡು ಮೆಟ್ಟಿಲು ಏರಿದರೆ ಪಡಸಾಲೆಯಲ್ಲಿ ಜನ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಕಾವು ಬಿಡುತ್ತದೆ. ಎತ್ತು, ಆಕಳು, ಕರು ಒಂದೇ ಸೂರಿನಡಿ ಇರುವುದರಿಂದ ಅವುಗಳ ಮೈಕಾವೂ ಮನೆಯೊಳಗೇ ಉಳಿಯುತ್ತದೆ. ಗೋದಲಿಯ ಪಕ್ಕದಲ್ಲಿ ಒಣಸೊಪ್ಪೆ ಹಾಸಿ ಎಳೆಗರುವನ್ನು ಕಟ್ಟಿದ್ದರು. ಮುಟ್ಟಿ ನೋಡಿದರೆ ಕಿವಿಗಳು ಬೆಚ್ಚಗಿದ್ದವು.

ಅದೇ ಓಣಿಯ ಹಿತ್ತಲಲ್ಲಿ ತಗಡಿನ ಹೊಸ ಕೊಟ್ಟಿಗೆ. ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಚಳಿ ಬರಬಾರದೆಂದು ನಾಲ್ಕೂ ಕಡೆ ತಾಡಪತ್ರಿ ಬಿಗಿದಿದ್ದರು. ಒಳಗೆ ಕಾಲಿಟ್ಟ ಕೂಡಲೇ ಗಂಜಲದ ಘಾಟಿಗೆ ಕಣ್ಣು ಉರಿಯಿತು. ತಲೆಯ ಮೇಲಿನ ತಗಡಿನಲ್ಲಿ ಸಾಲಾಗಿ ನೀರಿನ ಹನಿಗಳು. ದನಗಳ ಉಸಿರಿನ ತೇವ ತಣ್ಣಗಿನ ತಗಡಿಗೆ ತಾಗಿ ನೀರಾಗಿ, ಕೆಳಗೆ ಮಲಗಿದ ಕರುವಿನ ಬೆನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೂದಲು ಅಂಟಿ ಚರ್ಮ ಕಾಣುತ್ತಿತ್ತು, ಕರು ಕೆಮ್ಮುತ್ತಿತ್ತು. ಮಳೆಯಿಲ್ಲದ ತಿಂಗಳಲ್ಲಿ, ಸೂರಿನ ಕೆಳಗೇ ಅದು ತೊಯ್ದಿತ್ತು.

ಹಾವೇರಿ ಸೀಮೆಯ ರಾತ್ರಿ ಡಿಸೆಂಬರ್, ಜನವರಿಯಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೊಟ್ಟೆತುಂಬ ಮೇವು ತಿಂದ ದೊಡ್ಡ ದನಕ್ಕೆ ಇದು ಲೆಕ್ಕಕ್ಕೇ ಇಲ್ಲ. ಹೊಟ್ಟೆಯಲ್ಲಿ ಮೇವು ಹುದುಗುವಾಗ ಹುಟ್ಟುವ ಕಾವೇ ಅದಕ್ಕೆ ಸಾಕು. ಸಂಜೆ ಎರಡು ಹಿಡಿ ಕಣಕಿ ಹೆಚ್ಚಿಗೆ ಹಾಕುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಕಷ್ಟವಿರುವುದು ಈಗಷ್ಟೇ ಹುಟ್ಟಿದ ಕರುವಿಗೆ, ಮುದಿ ಎತ್ತಿಗೆ, ಸೊರಗಿದ ದನಕ್ಕೆ. “ಮೈ ಒಣಾ ಇದ್ರ ಥಂಡಿ ಏನೂ ಮಾಡಂಗಿಲ್ರೀ. ಹಸಿ ನೆಲದಾಗ ಮಲಗಿದ್ವಂದ್ರ ಕೆಮ್ಮು ಸುರು ನೋಡ್ರಿ” ಎಂದರು ಸಗಣಿ ಬಳಿಯುತ್ತಿದ್ದ ಅಜ್ಜಿಯೊಬ್ಬರು. ಪಶುವೈದ್ಯರು ಹೇಳುವುದೂ ಇದನ್ನೇ. ಗಾಳಿ ಬೀಸುವ ಕಡೆ, ದನದ ಎತ್ತರಕ್ಕಷ್ಟೇ ಗೋಣಿತಾಟು ಕಟ್ಟಿ ಸೂರಿನ ಕೆಳಗೆ ಒಂದು ಗೇಣು ತೆರವು ಬಿಡಬೇಕು. ತಗಡಿನ ಮೇಲೆ ಸೊಪ್ಪೆಯನ್ನೋ ತೆಂಗಿನ ಗರಿಯನ್ನೋ ಹೊದಿಸಿದರೆ ಹನಿ ಕಟ್ಟುವುದು ತಗ್ಗುತ್ತದೆ. ಮೆಕ್ಕೆಜೋಳ ಬೆಳೆಯುವ ಈ ನಾಡಿನಲ್ಲಿ ಸೊಪ್ಪೆಗೇನು ಬರ?

ಕರುವಿಗೆ ಮೊದಲ ಹೊದಿಕೆ ಗಿಣ್ಣದ ಹಾಲು. ಮಾಸು ಬೀಳುವವರೆಗೆ ಕುಡಿಸಬಾರದು ಎಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿದೆ. ಇದನ್ನು ಬಿಡಲೇಬೇಕು. ಹುಟ್ಟಿದ ಎರಡು ತಾಸಿನೊಳಗೆ ಮೊದಲ ಹಾಲು ಒಳಗೆ ಹೋಗಬೇಕು. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರಾದರೂ ಬೇಕು. ಓಣಿಗೆ ಗಿಣ್ಣ ಹಂಚುವುದು ಆಮೇಲಿನ ಮಾತು.

ದೀಪಾವಳಿಯಿಂದ ಈ ಭಾಗದಲ್ಲಿ ಕೊಬ್ಬರಿ ಕಟ್ಟಿ ಓಡಿಸುವ ಹೋರಿಗಳ ಸಂಭ್ರಮ. ಓಡಿ ಬೆವೆತ ಹೋರಿಯನ್ನು ಒರೆಸಿ, ಕಂಬಳಿ ಹೊದಿಸಿ, ಹುರುಳಿ ಬೇಯಿಸಿ ಇಡುವವರನ್ನು ನೋಡಿದರೆ ಪ್ರೀತಿ ಉಕ್ಕುತ್ತದೆ. ಅದೇ ಅಂಗಳದ ಮೂಲೆಯಲ್ಲಿ ಹಾಲು ಕೊಡದ ಆಕಳು, ಗಂಡುಗರು ಬರಿ ನೆಲದ ಮೇಲೆ ಮಲಗಿರುವುದನ್ನು ನೋಡಿದಾಗ ಅಷ್ಟೇ ನೋವಾಗುತ್ತದೆ. ಹೋರಿಗೆ ಸಲ್ಲುವ ಅಕ್ಕರೆಯ ಕಾಲುಭಾಗ ಅವಕ್ಕೂ ಸಲ್ಲಬೇಕು.

ಊರಾಚೆ ಕೊಯ್ಲಾದ ಹೊಲದಲ್ಲಿ ಕುರಿ ತರುಬಿದ್ದರು. ಸುತ್ತ ಬಲೆ, ನಡುವೆ ಹಿಂಡು, ಬೋರಲು ಹಾಕಿದ ಬಿದಿರಿನ ಬುಟ್ಟಿಯೊಳಗೆ ಒತ್ತಿಕೊಂಡು ಮಲಗಿದ ಮರಿಗಳು. ಇಬ್ಬನಿ ಆರುವವರೆಗೆ ಕುರಿಗಾರರು ಹಿಂಡನ್ನು ಮೇಯಲು ಬಿಡುವುದಿಲ್ಲ. ಹೊಟ್ಟೆಹುಳುವಿನ ಮರಿಗಳು ಹಸಿ ಹುಲ್ಲಿನ ತುದಿಗೆ ಏರಿರುತ್ತವೆ, ಹಾಗಾಗಿ ಈ ಕಾಯುವಿಕೆಯಲ್ಲಿ ವಿವೇಕವಿದೆ. ಕುರಿಗಾರರ ಹೆಗಲ ಮೇಲಿನ ಕರಿ ಕಂಬಳಿಗೆ ಹೆಸರಾದ ಮೆಡ್ಲೇರಿ ಇರುವುದು ಪಕ್ಕದ ರಾಣೆಬೆನ್ನೂರು ತಾಲ್ಲೂಕಿನಲ್ಲೇ. ಉಣ್ಣೆಗೆ ಬೆಲೆ ಬಿದ್ದು, ಉಣ್ಣೆ ಕಡಿಮೆಯಿರುವ ಮಾಂಸದ ಕುರಿಗಳು ಹೆಚ್ಚಿದಂತೆ ಹಿಂಡಿಗೆ ಚಳಿಯೂ ಹೆಚ್ಚಾಗಿದೆ.

ನಾಯಿಗಳು ಹೆಚ್ಚಾಗಿ ಮರಿ ಹಾಕುವುದೂ ಇದೇ ಕಾಲದಲ್ಲಿ. ಒಲೆಯ ಬೂದಿಗುಂಡಿ, ನಿಲ್ಲಿಸಿದ ಗಾಡಿಯ ಅಡಿ, ಬಣವೆಯ ಬುಡ ಅವುಗಳ ಹಾಸಿಗೆ. ದರ್ಶನಕ್ಕೆ ಬಂದವರು ಗಾಡಿ ಶುರು ಮಾಡುವ ಮುನ್ನ ಚಕ್ರದ ಕೆಳಗೊಮ್ಮೆ ಬಗ್ಗಿ ನೋಡಿ. ಮನೆಯ ಹರಕು ಗೋಣಿಯೊಂದನ್ನು ಜಗುಲಿಯ ಮೂಲೆಗೆ ಹಾಕಿದರೆ ಒಂದು ತಾಯಿನಾಯಿಯ ಸಂಸಾರ ಉಳಿಯುತ್ತದೆ.

ಕರು ಕೆಮ್ಮಿದರೆ, ಮೂಗು ಸೋರಿದರೆ, ಹಾಲು ಬಿಟ್ಟು ಮಂಕಾದರೆ ನಾಳೆ ನೋಡೋಣ ಎನ್ನಬೇಡಿ. 2022ರಲ್ಲಿ ಚರ್ಮಗಂಟು ರೋಗದಿಂದ ನೊಂದ ಈ ಜಿಲ್ಲೆಗೆ ತಡಮಾಡಿದರೆ ಏನಾಗುತ್ತದೆಂಬುದು ಗೊತ್ತಿದೆ. ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಲು 1962ಕ್ಕೆ ಫೋನ್ ಮಾಡಿ.