ಹೆಪ್ಪುಗಟ್ಟಿದ ಹಣ್ಣಿನ ವೈನು: ಒಂದು ಜಮಾಖರ್ಚು



ನಮ್ಮ ಹಿಂದೂಪುರದ ಕಡೆ ನೇರಳೆ ಹಣ್ಣಿನ ಕಾಲ ಬಹಳ ಚಿಕ್ಕದು. ತೆಲುಗಿನಲ್ಲಿ ನೇರೇಡು ಎನ್ನುತ್ತೇವೆ. ಹೆಸರು ಎರಡಾದರೂ ನಾಲಿಗೆ ನೀಲಿಯಾಗುವುದು ಒಂದೇ ಬಗೆ. ಈಗ ಎಷ್ಟೋ ಮನೆಗಳಲ್ಲಿ ಫ್ರಿಜ್ ಇರುವುದರಿಂದ, ಹಣ್ಣನ್ನು ಫ್ರೀಜರಿನಲ್ಲಿಟ್ಟು ಕಾಲ ಮುಗಿದ ಮೇಲೂ ತಿನ್ನುವ ರೂಢಿ ಬಂದಿದೆ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರು ಇಂಥ ಹೆಪ್ಪುಗಟ್ಟಿದ ಹಣ್ಣಿನಿಂದಲೇ ವೈನು ಮಾಡುತ್ತಿದ್ದರು. "ಹಳೆಯ ಹಣ್ಣಲ್ಲವೇ?" ಎಂದೆ. "ಇಲ್ಲ ಮಾವ, ಹೀಗಿದ್ದರೇ ರಸ ಚೆನ್ನಾಗಿ ಬಿಡುತ್ತದೆ" ಎಂದರು. ಊರಿಗೆ ಬಂದು ಹೇಳಿದ್ದೇ ತಡ, ಕಲ್ಯಾಣದುರ್ಗದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು "ನೇರಳೆಯಲ್ಲಿ ನಾವೂ ಮಾಡೋಣ" ಎಂದು ಪಟ್ಟು ಹಿಡಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಳಿಯಂದಿರ ಮಾತು ನಿಜ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹಣ್ಣಿನೊಳಗಿನ ಸಣ್ಣ ಸಣ್ಣ ಕೋಶಗಳು ಒಡೆಯುತ್ತವೆ. ಕರಗಿದಾಗ ರಸವೂ ಬಣ್ಣವೂ ತಾವಾಗಿಯೇ ಇಳಿಯುತ್ತವೆ. ಆದರೆ ಸಿಪ್ಪೆಗೆ ಅಂಟಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಚಳಿಗೆ ಪೂರ್ತಿ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ. ಈ ಮಾತನ್ನು ನೆನಪಿಡಿ.

ಅವರು ಮಾಡುವ ಕ್ರಮ ಹೀಗೆ. ಹಣ್ಣನ್ನು ಪೂರ್ತಿ ಕರಗಿಸಿ, ತಣುಪು ಬಿಟ್ಟ ಮೇಲೆ ಹಿಸುಕಿ, ನೀರು, ಸಕ್ಕರೆ, ವೈನಿನ ಯೀಸ್ಟ್ ಸೇರಿಸುತ್ತಾರೆ. ತಣ್ಣಗಿರುವಾಗಲೇ ಹಾಕಿದರೆ ಯೀಸ್ಟ್ ಏಳುವುದಿಲ್ಲ. ಪಾತ್ರೆ ಗಾಜಿನದಾಗಿರಬೇಕು, ಹುಳಿ ರಸಕ್ಕೆ ತಾಮ್ರ, ಹಿತ್ತಾಳೆ, ಕಬ್ಬಿಣ ಸಲ್ಲವು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಾಗ ಉಬ್ಬುವಂತೆ ರಸದಲ್ಲಿ ಗುಳ್ಳೆ ಏಳುತ್ತದೆ.

ಇಲ್ಲಿ ಬ್ಯಾಂಕಿನವನ ಲೆಕ್ಕ ಕೇಳಿ. ಒಂದು ಲೀಟರ್ ರಸದಲ್ಲಿ ಹಣ್ಣಿನದೂ ಹಾಕಿದ್ದೂ ಸೇರಿ 200 ಗ್ರಾಂ ಸಕ್ಕರೆ ಜಮೆ ಇದ್ದರೆ, ಸುಮಾರು 17 ಗ್ರಾಮಿಗೆ ಶೇಕಡ 1ರಂತೆ, ಶೇಕಡ 11-12 ಮದ್ಯಸಾರವಾಗುತ್ತದೆ. ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೋಗುತ್ತದೆ. ಅಷ್ಟರಿಂದಲೇ ಸುಮಾರು 50 ಲೀಟರ್ ಅನಿಲ! ಅದು ಹೊರಹೋಗಬೇಕು, ಹೊರಗಿನ ಗಾಳಿ ಒಳಬರಬಾರದು. ಬಂದರೆ ವೈನು ವಿನೆಗರ್ ಆದೀತು. ಅದಕ್ಕಾಗಿ ಬಾಯಿಗೆ ನೀರು ತುಂಬಿದ ಸಣ್ಣ ಕೊಳವೆ ಸಿಕ್ಕಿಸುತ್ತಾರೆ.

ಹಾಗಾದರೆ ನಾವೇಕೆ ಮಾಡಬಾರದು? ಅಮೆರಿಕದ ಒಕ್ಕೂಟ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್ ವೈನು ಸ್ವಂತಕ್ಕೆ ಮಾಡಿಕೊಳ್ಳಲು ಬಿಡುತ್ತದೆ, ಮಾರುವಂತಿಲ್ಲ. ನಮ್ಮ ಆಂಧ್ರದಲ್ಲಿ 1968ರ ಅಬಕಾರಿ ಕಾಯ್ದೆ, ಗಡಿ ದಾಟಿದರೆ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ. ಎರಡೂ ಕಡೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯೊಳಗೆ ಮಾಡಿದೆ ಎಂದರೆ ಮಾಫಿ ಇಲ್ಲ.

ಇನ್ನು ನನ್ನ ತಪ್ಪು. ವೈನು ಬೇಡ, ಶರಬತ್ತು ಸಾಕು ಎಂದು ಫ್ರೀಜರಿನ ನೇರಳೆ ಕರಗಿಸಿ, ರಸಕ್ಕೆ ಸಕ್ಕರೆ ಬೆರೆಸಿ, ಕುದಿಸದೆ ಗಾಜಿನ ಸೀಸೆಗೆ ತುಂಬಿ ಬಿರಡೆ ಬಿಗಿದು ಅಡುಗೆಮನೆಯ ಗೂಡಿನಲ್ಲಿಟ್ಟೆ. ಮಲಗಿದ್ದ ಯೀಸ್ಟ್ ಎದ್ದಿತ್ತು. ಮೂರನೆಯ ದಿನ ಮಧ್ಯಾಹ್ನ ಪಟಾಕಿ ಹೊಡೆದಂತೆ ಸದ್ದು. ಗಾಜಿನ ಚೂರು ಎದುರು ಗೋಡೆಯವರೆಗೆ ಸಿಡಿದಿತ್ತು. ಮೊಮ್ಮಗ ಅಲ್ಲಿಂದ ಎದ್ದು ಹೋಗಿ ಐದು ನಿಮಿಷವೂ ಆಗಿರಲಿಲ್ಲ. ನನ್ನಾಕೆ ಬೈಯಲಿಲ್ಲ, ಸುಮ್ಮನೆ ಗುಡಿಸಿದಳು. ಅದೇ ನನಗೆ ಹೆಚ್ಚು ನೋವಾಯಿತು.

ಆದ್ದರಿಂದ ಶರಬತ್ತು ಮಾಡುವವರು ರಸವನ್ನು ಸಕ್ಕರೆಯೊಂದಿಗೆ ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ. ಗುಳ್ಳೆ ಕಂಡರೆ, ಬಿರಡೆ ತೆಗೆಯುವಾಗ ಬುಸ್ಸೆಂದರೆ, ಕುಡಿಯದೆ ಚೆಲ್ಲಿಬಿಡಿ. ಕರೆಂಟು ಹೋಗಿ ಫ್ರೀಜರಿನ ಹಣ್ಣು ಕರಗಿ ಬೆಚ್ಚಗಾಗಿದ್ದರೂ ಇದೇ ಎಚ್ಚರಿಕೆ ಇರಲಿ.

ಕಲ್ಯಾಣದುರ್ಗದ ಗೆಳೆಯರು ಈಗ ಶರಬತ್ತನ್ನೇ ಕುಡಿಯುತ್ತಿದ್ದಾರೆ. ನಾಲಿಗೆ ಮಾತ್ರ ಮೊದಲಿನಷ್ಟೇ ನೀಲಿ.