ನಿಮಗಿದು ಗೊತ್ತೆ? ಬೂಷ್ಟಿಗೆ ಕೊಬ್ಬೇ ಊಟ!

ಮಳೆಗಾಲದಲ್ಲಿ ಅಡುಗೆಮನೆಯ ಡಬ್ಬಿಯಲ್ಲಿ ಕೊಬ್ಬರಿಗೆ ಬೂಷ್ಟು ಹಿಡಿದರೆ, ಅಲ್ಲಿ ಶಿಲೀಂಧ್ರಗಳ ಭೋಜನ ನಡೆದಿದೆ ಎಂದೇ ಅರ್ಥ.

• ಮೊದಲು ಲೈಪೇಸ್ ಕಿಣ್ವ ಕೊಬ್ಬನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ.

• ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ. ಅದು 12 ಇಂಗಾಲಗಳ ಸರಪಳಿ. ಬೂಷ್ಟಿನ ಕೋಶದೊಳಗಿನ ಕಿಣ್ವಗಳು ಪ್ರತಿ ಸುತ್ತಿಗೂ 2 ಇಂಗಾಲಗಳನ್ನು ಕತ್ತರಿಸುತ್ತವೆ. 5 ಸುತ್ತು ಮುಗಿದಾಗ 6 ತುಂಡು! ಇವುಗಳಿಂದಲೇ ಬೂಷ್ಟಿಗೆ ಶಕ್ತಿ.

• ಬೇಕರಿಯ ಯೀಸ್ಟ್‌ನಲ್ಲಿ ಈ ಕತ್ತರಿ ಕೆಲಸ ನಡೆಯುವುದು ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲದಲ್ಲಿ ಮಾತ್ರ; ನಮ್ಮಲ್ಲಿ ಮುಖ್ಯವಾಗಿ ಮೈಟೊಕಾಂಡ್ರಿಯದಲ್ಲಿ.

• ಕೆಲವು ಬೂಷ್ಟುಗಳು ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಕೀಟೋನ್‌ಗಳನ್ನು ಹೊರಬಿಡುತ್ತವೆ. ಕೊಬ್ಬರಿಯ ಕಮಟು ವಾಸನೆಗೂ ನೀಲಿ ಚೀಸ್‌ನ ಘಾಟಿಗೂ ಇವೇ ಕಾರಣ.

ಬೂಷ್ಟು ಹಿಡಿದ ಕೊಬ್ಬರಿಯನ್ನು ಕೆರೆದು ಬಳಸಬೇಡಿ, ಬಿಸಾಡಿ.