ಶುಗರ್ ಮಷೀನನ್ನು ಯಾರಿಗೆ ಕೊಡುವುದು?

2021ರ ಜುಲೈ 20ರಿಂದ ಜಾರಿಗೆ ಬರುವಂತೆ ಕೇಂದ್ರ ಸರ್ಕಾರ ಐದು ವೈದ್ಯಕೀಯ ಉಪಕರಣಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಮಿತಿ ಹಾಕಿತು. ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್, ಬಿಪಿ ಮಷೀನ್, ನೆಬ್ಯುಲೈಜರ್, ಡಿಜಿಟಲ್ ಥರ್ಮಾಮೀಟರ್ ಆ ಪಟ್ಟಿಯಲ್ಲಿದ್ದವು. ಕೋವಿಡ್ ಎರಡನೇ ಅಲೆ ಆಗಷ್ಟೇ ಇಳಿದಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗಾಗಿ ಜನ ಮೆಡಿಕಲ್ ಶಾಪಿನಿಂದ ಮೆಡಿಕಲ್ ಶಾಪಿಗೆ ಅಲೆದಿದ್ದರು. ಹಾಗೆ ಕೊಂಡವುಗಳಲ್ಲಿ ಎಷ್ಟೋ ಈಗ ಕಪಾಟಿನ ಮೂಲೆ ಸೇರಿವೆ. ಕೆಲವು ಮನೆಗಳಲ್ಲಿ ಅವನ್ನು ಬಳಸುತ್ತಿದ್ದ ಹಿರಿಯರೇ ಇಲ್ಲ. ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡು ಮಾಡುವುದೇನೂ ಇಲ್ಲ. ಬೇಕಾದವರಿಗೆ ಕೊಟ್ಟುಬಿಡೋಣ ಎನ್ನಿಸುವುದು ಸಹಜ. ಕೊಡಬೇಕು ಕೂಡ. ಆದರೆ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದಕ್ಕೆ ರಕ್ತ ಸೋಕಿದೆಯೇ? ಇದು ಈಗಲೂ ಸರಿಯಾದ ಅಂಕಿ ತೋರಿಸುತ್ತಿದೆಯೇ?

ಮೊದಲ ಪ್ರಶ್ನೆ ಮುಖ್ಯವಾಗಿ ಶುಗರ್ ಮಷೀನಿಗೆ ಸಂಬಂಧಿಸಿದ್ದು. ಅದರ ಡಬ್ಬಿಯಲ್ಲಿ ಮೀಟರ್, ಸ್ಟ್ರಿಪ್, ಸೂಜಿ, ಸೂಜಿ ಕೂರಿಸುವ ಪೆನ್ನು ಒಟ್ಟಿಗೇ ಇರುತ್ತವೆ. ಅದೇ ತೊಂದರೆ, ಯಾಕೆಂದರೆ ನಾವು ಎಲ್ಲವನ್ನೂ ಒಂದೇ ವಸ್ತುವೆಂದು ಭಾವಿಸಿ ಡಬ್ಬಿ ಸಮೇತ ಕೊಟ್ಟುಬಿಡುತ್ತೇವೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಂಡಿರುತ್ತದೆ. ರಕ್ತದ ಕಲೆ ಕಣ್ಣಿಗೆ ಕಾಣಿಸಲೇಬೇಕೆಂದಿಲ್ಲ. ಪೆನ್ನಿಗೆ ಹೊಸ ಸೂಜಿ ಹಾಕಿದರೂ ಬೆರಳಿಗೆ ಒತ್ತುವ ಅದರ ತುದಿ ಹಳೆಯದೇ. ಅಮೆರಿಕದ ವೃದ್ಧಾಶ್ರಮಗಳಲ್ಲಿ ಇಂಥ ಪೆನ್ನು, ಮೀಟರುಗಳನ್ನು ಹಲವರಿಗೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. ಹಾಗಾಗಿ ಪೆನ್ನನ್ನು ಯಾರಿಗೂ ಕೊಡಬಾರದು, ಅಣ್ಣತಮ್ಮಂದಿರಿಗೂ ಸಹ. ಮೀಟರನ್ನು ಹೇಗೆ ಸೋಂಕುರಹಿತ ಮಾಡಬೇಕೆಂದು ಅದರ ಕೈಪಿಡಿಯಲ್ಲಿ ಹೇಳಿದ್ದರೆ ಹಾಗೆಯೇ ಮಾಡಿ ಕೊಡಬಹುದು. ಹೇಳಿರದಿದ್ದರೆ ಕೊಡದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸ್ಟ್ರಿಪ್‌ಗಳ ಕಥೆ ಬೇರೆ. ಪ್ರತಿ ಸ್ಟ್ರಿಪ್‌ನ ತುದಿಯಲ್ಲೂ ಕಿಣ್ವದ ತೆಳು ಲೇಪವಿದೆ. ಅದು ರಕ್ತದ ಗ್ಲುಕೋಸ್ ಜೊತೆ ವರ್ತಿಸಿದಾಗ ಹುಟ್ಟುವ ಪುಟ್ಟ ವಿದ್ಯುತ್ ಪ್ರವಾಹವನ್ನು ಮೀಟರ್ ಅಳೆಯುತ್ತದೆ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟ ಕಿಣ್ವ-ವಿದ್ಯುದ್ವಾರದ ಕಲ್ಪನೆಯೇ ಇದರ ಮೂಲ. ಕಿಣ್ವಕ್ಕೆ ತೇವ ಆಗದು. ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲಾಗಿದ್ದ ಸ್ಟ್ರಿಪ್ ಡಬ್ಬಿಯನ್ನು, ಅವಧಿ ಇನ್ನೂ ಮುಗಿದಿಲ್ಲವೆಂದು ನಂಬುವಂತಿಲ್ಲ. ಇನ್ನೊಂದು ವಿಷಯ: ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಮೀಟರಿಗೆ ಆಗುವುದಿಲ್ಲ. ನಿಮ್ಮ ಮಾದರಿಯ ಸ್ಟ್ರಿಪ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ವಿಚಾರಿಸದೆ ಮೀಟರ್ ದಾನ ಮಾಡಿದರೆ, ಪಡೆದವರ ಮೇಲೆ ತಿಂಗಳು ತಿಂಗಳ ಖರ್ಚು ಹೊರಿಸಿದಂತೆ.

ಇನ್ನು ಎರಡನೇ ಪ್ರಶ್ನೆ. ಪೂರ್ತಿ ಕೆಟ್ಟ ಮಷೀನಿನಿಂದ ಅಪಾಯ ಕಡಿಮೆ. ಪರದೆ ಬೆಳಗದಿದ್ದರೆ ಯಾರೂ ನಂಬುವುದಿಲ್ಲ. ಸುಳ್ಳು ಅಂಕಿಯನ್ನು ಸ್ಪಷ್ಟವಾಗಿ ತೋರಿಸುವ ಮಷೀನಿನಿಂದಲೇ ಅನಾಹುತ, ಏಕೆಂದರೆ ಅದನ್ನು ನೋಡಿ ಜನ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಾರೆ. ಬಿಪಿ ಮಷೀನನ್ನೇ ನೋಡಿ. ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳದ ಮಿಡಿತ ಆ ಗಾಳಿಯಲ್ಲಿ ಸಣ್ಣ ಅಲುಗಾಟ ಎಬ್ಬಿಸುತ್ತದೆ. ಅದು ಎಲ್ಲಿ ಅತಿ ಹೆಚ್ಚೆಂದು ಗುರುತಿಸಿ, ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಮಷೀನ್ ಲೆಕ್ಕ ಹಾಕಿ ತೆಗೆಯುತ್ತದೆ. ರಬ್ಬರ್ ನಳಿಕೆ ಎಲ್ಲೋ ಸಣ್ಣಗೆ ಸೋರಿದರೂ ಲೆಕ್ಕ ತಪ್ಪಬಹುದು. ಪಟ್ಟಿಯ ಅಳತೆಯೂ ಅಷ್ಟೇ ಮುಖ್ಯ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಎಷ್ಟು ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಸರಿ ಎಂದು ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. ಪಡೆಯುವವರ ತೋಳನ್ನು ಟೇಲರ್ ಟೇಪಿನಿಂದ ಒಮ್ಮೆ ಅಳೆದರಾಯಿತು. ಆಮೇಲೆ ಮಷೀನನ್ನು ವೈದ್ಯರ ಬಳಿ ಒಯ್ಯಿರಿ. ಐದು ನಿಮಿಷ ಸುಮ್ಮನೆ ಕುಳಿತು, ಅದೇ ತೋಳಿಗೆ ಅವರದ್ದನ್ನೂ ನಿಮ್ಮದನ್ನೂ ಒಂದಾದ ಮೇಲೊಂದು ಕೆಲವು ಸಲ ಕಟ್ಟಿ ನೋಡಿ. ಪ್ರತಿಸಲವೂ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದನ್ನು ಯಾರಿಗೂ ಕೊಡಬೇಡಿ. ಶುಗರ್ ಮಷೀನನ್ನು ಒರೆಗೆ ಹಚ್ಚಲು ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡುವ ಹೊತ್ತಿಗೇ ಬೆರಳನ್ನೂ ಚುಚ್ಚಿ ನೋಡಬಹುದು. ಲ್ಯಾಬಿನ ಅಂಕಿ 100 ದಾಟಿದ್ದಾಗ ಶೇ 15ರೊಳಗಿನ ಅಂತರವನ್ನು ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ.

ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಅಳೆಯುತ್ತದೆ. ಜಪಾನಿನ ಟಕುವೊ ಅಓಯಾಗಿ 1970ರ ದಶಕದಲ್ಲಿ ಇದರ ತತ್ವ ಕಂಡುಕೊಂಡರು. ಸ್ಪ್ರಿಂಗ್ ಸಡಿಲವಾಗಿ ಹೊರಗಿನ ಬೆಳಕು ಒಳನುಗ್ಗಿದರೆ ಅಂಕಿ ಕೆಡುತ್ತದೆ. ಕಪ್ಪು ಚರ್ಮದವರಲ್ಲಿ ಇದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಮತ್ತೆ ಎಚ್ಚರಿಸಿತು. ನಮ್ಮ ನಾಡಿನಲ್ಲಿ ಇದನ್ನು ಕೈಗಿಡುವಾಗ ಆ ಮಾತನ್ನೂ ಹೇಳಿ ಕೊಡಬೇಕು.

ಯಾರಿಗೂ ಕೊಡಲಾಗದವುಗಳಲ್ಲಿ ಮೊದಲು ಸೆಲ್ ಬಿಚ್ಚಿ. ಗ್ಲುಕೋಮೀಟರಿನ ನಾಣ್ಯದಂಥ ಲಿಥಿಯಂ ಸೆಲ್ ಮಗುವಿನ ಗಂಟಲಿಗೆ ಹೋದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಎರಡೂ ಮುಖಕ್ಕೆ ಟೇಪ್ ಸುತ್ತಿ ಮಕ್ಕಳಿಗೆ ಎಟುಕದಂತೆ ಎತ್ತಿಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವೈದ್ಯಕೀಯ ಉಪಕರಣಗಳೂ ಸೇರಿವೆ. ಆದ್ದರಿಂದ ಅವು ಹೋಗಬೇಕಾದ್ದು ಪರವಾನಗಿ ಪಡೆದ ಇ-ತ್ಯಾಜ್ಯ ಘಟಕಕ್ಕೆ, ಗುಜರಿಗಲ್ಲ. ಗುಜರಿ ಸೇರಿದ ವೈರು ಬಯಲಲ್ಲಿ ಉರಿಯುವ ಸಾಧ್ಯತೆಯೇ ಹೆಚ್ಚು.

ಹಳೆಯ ಗಾಜಿನ ಥರ್ಮಾಮೀಟರ್ ಒಡೆದರೆ ಪೊರಕೆ ಹಿಡಿಯಬೇಡಿ, ಪಾದರಸ ಇನ್ನೂ ಸಣ್ಣ ಗುಂಡುಗಳಾಗಿ ಚದುರುತ್ತದೆ. ಕಿಟಕಿ ತೆರೆದು, ಚಿನ್ನದ ಬಳೆ ಉಂಗುರ ತೆಗೆದಿಟ್ಟು, ಕೈಗವಸು ಹಾಕಿ, ಗಟ್ಟಿ ಕಾಗದದ ಅಂಚಿನಿಂದ ಗುಂಡುಗಳನ್ನು ಒಟ್ಟುಗೂಡಿಸಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. ಚಿನ್ನಕ್ಕೆ ಪಾದರಸ ತಾಗಿದರೆ ಅದರೊಳಗೇ ಬೆರೆತು ಬೆಳ್ಳಗಾಗಿಸುತ್ತದೆ.

ಬಳಸಿದ ಸೂಜಿಗಳನ್ನು ಫಿನಾಯಿಲ್ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ಕಿನೊಳಗೆ ಹಾಕಿ, ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ 'ಸೂಜಿ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕಸದ ಗಾಡಿ ಬಂದಾಗ ಅದನ್ನು ಒಣಕಸದ ಚೀಲದೊಳಗೆ ತುರುಕದೆ, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ ಪೌರಕಾರ್ಮಿಕರ ಕೈಗೆ ಬೇರೆಯಾಗಿಯೇ ಕೊಡಿ.